ಮೂತ್ರಪಿಂಡ ತೆಗೆಯುವ ಎರಡು ಮಾರ್ಗಗಳು: ಒಂದು ಸಂವಾದ

ಮೂತ್ರಪಿಂಡವನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯಲೇಬೇಕಾದಾಗ ಪಕ್ಕೆಯನ್ನು ಉದ್ದಕ್ಕೆ ಸೀಳುವ ಪದ್ಧತಿ ಹಿಂದೆ ಸರಿದು, ಸಣ್ಣ ರಂಧ್ರಗಳ ಮೂಲಕ ಉಪಕರಣಗಳನ್ನು ತೂರಿಸಿ ಕೆಲಸ ಮಾಡುವ ಪದ್ಧತಿ ಬಳಕೆಗೆ ಬಂದು ಮೂರು ದಶಕಗಳು ಕಳೆದಿವೆ. ಆ ಉಪಕರಣಗಳನ್ನು ವೈದ್ಯರು ನೇರವಾಗಿ ಕೈಯಲ್ಲಿ ಹಿಡಿಯುವ ಲ್ಯಾಪರೋಸ್ಕೋಪಿ ಮತ್ತು ಅವುಗಳನ್ನು ಯಂತ್ರದ ತೋಳುಗಳಿಗೆ ಜೋಡಿಸಿ ತುಸು ದೂರದಿಂದ ನಡೆಸುವ ರೋಬಾಟಿಕ್ ವಿಧಾನ ಎಂಬ ಎರಡು ಕವಲುಗಳು ಇಂದು ರೋಗಿಯ ಮುಂದಿರುವುದರಿಂದ, ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ರೋಗಿಗಳನ್ನೂ ಅವರ ಮನೆಯವರನ್ನೂ ಕಾಡುತ್ತದೆ. ವಿಷಯವನ್ನು ತಿಳಿಯಬಯಸುವ ಒಬ್ಬ ಜಿಜ್ಞಾಸು ಮತ್ತು ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಒಬ್ಬ ವೈದ್ಯರ ನಡುವಿನ ಮಾತುಕತೆಯ ರೂಪದಲ್ಲಿ ಆ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಜಿಜ್ಞಾಸು: ರೋಬಾಟ್ ಹೊಸದು, ದುಬಾರಿಯಾದದ್ದು, ಆದ್ದರಿಂದ ಅದೇ ಉತ್ತಮ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಮೂತ್ರಪಿಂಡ ತೆಗೆಯುವ ವಿಷಯದಲ್ಲಿ ಇದು ನಿಜವೇ, ಡಾಕ್ಟರೇ?

ವೈದ್ಯ: ಯಾವ ಕಾರಣಕ್ಕೆ, ಎಷ್ಟು ಭಾಗವನ್ನು ತೆಗೆಯಬೇಕು ಎಂಬುದನ್ನು ಮೊದಲು ಬಿಡಿಸಿಕೊಳ್ಳದೆ ಈ ಪ್ರಶ್ನೆಗೆ ಉತ್ತರ ಹೇಳುವಂತಿಲ್ಲ. ಕಲ್ಲು, ಸೋಂಕು ಅಥವಾ ಹುಟ್ಟಿನಿಂದ ಬಂದ ಅಡಚಣೆಯಿಂದಾಗಿ ಕೆಲಸ ನಿಲ್ಲಿಸಿದ ಪಿಂಡವನ್ನು ಬಿಡಿಸಿ ತೆಗೆಯುವುದಕ್ಕೆ ಸರಳ ನೆಫ್ರೆಕ್ಟಮಿ ಎಂದು ಹೆಸರು. ಕ್ಯಾನ್ಸರ್ ಇದ್ದಾಗ ಪಿಂಡವನ್ನು ಸುತ್ತಲಿನ ಕೊಬ್ಬು ಮತ್ತು ಪೊರೆಯ ಸಮೇತ, ಅಗತ್ಯಬಿದ್ದರೆ ಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನೂ ಸೇರಿಸಿ ತೆಗೆಯುವುದು ರ್‍ಯಾಡಿಕಲ್ ನೆಫ್ರೆಕ್ಟಮಿ; ಗಡ್ಡೆಯಷ್ಟನ್ನೇ ಕತ್ತರಿಸಿ ಉಳಿದ ಪಿಂಡವನ್ನು ಹೊಲಿದು ಕಾಪಾಡುವುದು ಭಾಗಶಃ ನೆಫ್ರೆಕ್ಟಮಿ; ಆರೋಗ್ಯವಂತ ವ್ಯಕ್ತಿಯಿಂದ ಕಸಿಗಾಗಿ ಪಿಂಡವನ್ನು ಪಡೆಯುವುದು ದಾನಿ ನೆಫ್ರೆಕ್ಟಮಿ. ರೋಬಾಟಿನ ಲಾಭನಷ್ಟಗಳು ಈ ನಾಲ್ಕರಲ್ಲಿ ಒಂದೇ ಬಗೆಯಾಗಿಲ್ಲ.

ಜಿಜ್ಞಾಸು: ಹಾಗಿದ್ದರೆ ಹೋಲಿಕೆಗೆ ಇಳಿಯುವ ಮುನ್ನ, ಹಳೆಯದೆಂದು ಕರೆಯಲಾಗುವ ಲ್ಯಾಪರೋಸ್ಕೋಪಿ ಎಷ್ಟು ಹಳೆಯದು ಎಂಬುದನ್ನು ತಾವು ತಿಳಿಸಬೇಕು.

ವೈದ್ಯ: ಯೋಜಿಸಿ ಮಾಡಿದ ಮೊದಲ ಯಶಸ್ವಿ ಮೂತ್ರಪಿಂಡ ಛೇದನ 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ಅವರ ಕೈಯಿಂದ ನಡೆಯಿತು, ಒಂದೇ ಪಿಂಡದ ಮೇಲೆ ಮನುಷ್ಯ ಬದುಕಬಲ್ಲನೇ ಎಂಬುದು ಆಗ ಖಚಿತವಿಲ್ಲದ ಕಾರಣ ಅವರು ಮೊದಲು ನಾಯಿಗಳ ಮೇಲೆ ಪ್ರಯೋಗಿಸಿ ನೋಡಿದ್ದರು. ಅಲ್ಲಿಂದ ಸುಮಾರು 120 ವರ್ಷ ಪಕ್ಕೆಯನ್ನು ಸೀಳಿ, ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆದು ಒಳಗೆ ಹೋಗುವುದೇ ರೂಢಿಯಾಗಿತ್ತು. 1990ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ ಮತ್ತು ಸಂಗಡಿಗರು 85 ವರ್ಷದ ಮಹಿಳೆಯೊಬ್ಬರ ಬಲ ಪಿಂಡವನ್ನು ಲ್ಯಾಪರೋಸ್ಕೋಪಿಯಿಂದ ತೆಗೆದರು. ಹೆಚ್ಚುಕಡಿಮೆ ಏಳು ಗಂಟೆ ಹಿಡಿದ ಆ ಶಸ್ತ್ರಚಿಕಿತ್ಸೆಯಲ್ಲಿ, ಬಿಡಿಸಿದ ಪಿಂಡವನ್ನು ಹೊಟ್ಟೆಯೊಳಗೇ ಚೀಲವೊಂದಕ್ಕೆ ಹಾಕಿ, ಅಲ್ಲೇ ಚೂರುಮಾಡಿ, ಸಣ್ಣ ರಂಧ್ರದಿಂದ ಹೊರಗೆಳೆಯಲಾಯಿತು. ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆಯೆಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಅಂಗ ಇಡಿಯಾಗಿ ಸಿಗಬೇಕಾದ್ದರಿಂದ, ಇಂದು ಸಾಮಾನ್ಯವಾಗಿ ಕಿಬ್ಬೊಟ್ಟೆಯ ಬಳಿ ಕೆಲವು ಸೆಂಟಿಮೀಟರ್ ಉದ್ದದ ಗಾಯ ಮಾಡಿ ಪಿಂಡವನ್ನು ಹಾಗೆಯೇ ಹೊರತೆಗೆಯುತ್ತಾರೆ.

ಜಿಜ್ಞಾಸು: ಈ ಬೆಳವಣಿಗೆಯಲ್ಲಿ ಭಾರತದ ಪಾಲೇನೂ ಇಲ್ಲವೇ?

ವೈದ್ಯ: ದೊಡ್ಡ ಪಾಲೇ ಇದೆ. ಮೂತ್ರಪಿಂಡ ಇರುವುದು ಕರುಳುಗಳಿರುವ ಚೀಲದ ಹಿಂದೆ, ಬೆನ್ನಿನ ಸ್ನಾಯುಗಳಿಗೆ ಒತ್ತಿಕೊಂಡು. ಆದ್ದರಿಂದ ಕರುಳನ್ನು ಮುಟ್ಟದೆ ಹಿಂದಿನಿಂದಲೇ ಅದನ್ನು ತಲುಪುವುದು ಅನುಕೂಲ, ಆದರೆ ಅಲ್ಲಿ ಉಪಕರಣ ಆಡಿಸುವಷ್ಟು ಖಾಲಿ ಜಾಗವಿಲ್ಲ. ಮುಂಬಯಿಯ ಡಿ. ಡಿ. ಗೌರ್ ಅವರು ಶಸ್ತ್ರಕ್ರಿಯೆಗೆ ತೊಡುವ ರಬ್ಬರ್ ಕೈಗವಸನ್ನು ಕೆಂಪು ರಬ್ಬರ್ ಕೊಳವೆಯ ತುದಿಗೆ ಬಿಗಿದು ಕಟ್ಟಿ, ಅದನ್ನು ಪಿಂಡದ ಹಿಂಬದಿಗೆ ಇಳಿಬಿಟ್ಟು, ರಕ್ತದೊತ್ತಡ ಅಳೆಯುವ ಉಪಕರಣದ ಗಾಳಿಬುರುಡೆಯಿಂದ ಉಬ್ಬಿಸಿದರು. ಉಬ್ಬಿದ ಬಲೂನು ಪದರಗಳನ್ನು ಒತ್ತಿ ಸರಿಸಿ ಅಗತ್ಯವಾದ ಪೊಳ್ಳನ್ನು ಉಂಟುಮಾಡಿತು. 1992ರಲ್ಲಿ ಅವರು ಪ್ರಕಟಿಸಿದ ಈ ಉಪಾಯ ಜಗತ್ತಿನಾದ್ಯಂತ ಬಳಕೆಗೆ ಬಂತು. ಯಾವ ಆಸ್ಪತ್ರೆಯಲ್ಲಾದರೂ ಸಿಗುವ ಮೂರು ಸಾಮಾನುಗಳಿಂದ ಸಿದ್ಧವಾದ ಉಪಕರಣವದು ಎಂಬುದನ್ನು ವೆಚ್ಚದ ಚರ್ಚೆ ಬಂದಾಗ ನೆನಪಿಡಬೇಕು.

ಜಿಜ್ಞಾಸು: ಎರಡು ವಿಧಾನಗಳಲ್ಲಿ ಒಳಗೆ ನಡೆಯುವ ಕೆಲಸವೇ ಬೇರೆಬೇರೆಯೋ, ಅಥವಾ ಕೆಲಸ ಒಂದೇ ಆಗಿದ್ದು ಮಾಡುವ ಬಗೆ ಮಾತ್ರ ಬೇರೆಯೋ?

ವೈದ್ಯ: ಕೆಲಸ ಒಂದೇ. ಸಂಪೂರ್ಣ ಅರಿವಳಿಕೆ ಕೊಟ್ಟು, ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡದವರೆಗೆ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಮುಂಭಾಗದಿಂದ ಹೋಗುವಾಗ ಪಿಂಡದ ಮೇಲೆ ಹಾದಿರುವ ದೊಡ್ಡ ಕರುಳನ್ನು ಅದರ ಅಂಚಿನ ಪೊರೆ ಬಿಡಿಸಿ ನಡುಹೊಟ್ಟೆಯ ಕಡೆಗೆ ಸರಿಸಿ, ಕೆಳಗೆ ಮೂತ್ರನಾಳವನ್ನು ಗುರುತಿಸಿ, ಅದರ ಜಾಡು ಹಿಡಿದು ಮೇಲೇರಿದರೆ ಪಿಂಡದ ಬುಡ ಸಿಗುತ್ತದೆ. ಮಹಾಪಧಮನಿಯಿಂದ ರಕ್ತ ತರುವ ಅಪಧಮನಿಯೂ ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಯೂ ಕೂಡುವ ಈ ತಾಣವೇ ಇಡೀ ಶಸ್ತ್ರಚಿಕಿತ್ಸೆಯ ಕೇಂದ್ರ. ಇಲ್ಲಿ ಮೊದಲು ಅಪಧಮನಿಯನ್ನು ಮುಚ್ಚಬೇಕು. ಅಭಿಧಮನಿಯನ್ನು ಮೊದಲು ಮುಚ್ಚಿದರೆ ಒಳಬಂದ ರಕ್ತಕ್ಕೆ ಹೊರದಾರಿಯಿಲ್ಲದೆ ಪಿಂಡ ಊದಿಕೊಂಡು ರಕ್ತ ಜಿನುಗತೊಡಗುತ್ತದೆ. ರಕ್ತನಾಳಗಳನ್ನು ಕ್ಲಿಪ್ ಅಥವಾ ಸ್ಟೇಪ್ಲರ್‌ನಿಂದ ಭದ್ರಪಡಿಸಿ ಕತ್ತರಿಸಿದ ಮೇಲೆ ಉಳಿದ ಅಂಟುಗಳನ್ನು ಬಿಡಿಸಿ, ಪಿಂಡವನ್ನು ಚೀಲಕ್ಕೆ ಹಾಕಿ ಹೊರತೆಗೆಯುತ್ತಾರೆ. ಈ ಕ್ರಮದಲ್ಲಿ ರೋಬಾಟ್ ಯಾವ ಹೆಜ್ಜೆಯನ್ನೂ ಕಡಿಮೆ ಮಾಡುವುದಿಲ್ಲ.

ಜಿಜ್ಞಾಸು: ಹಾಗಾದರೆ ರೋಬಾಟ್ ಕೊಡುವುದೇನು?

ವೈದ್ಯ: ಲ್ಯಾಪರೋಸ್ಕೋಪಿಯ ಉಪಕರಣ ನೇರವಾದ ಉದ್ದನೆಯ ದಂಡ, ಹೊಟ್ಟೆಯ ಗೋಡೆಯೇ ಅದಕ್ಕೆ ಆನಿಕೆಯಾಗಿರುವುದರಿಂದ ಏತದ ಹಾಗೆ ಈ ತುದಿ ಕೆಳಗಿಳಿದರೆ ಆ ತುದಿ ಮೇಲೇಳುತ್ತದೆ, ಕೈ ಎಡಕ್ಕೆ ಹೋದರೆ ಮೊನೆ ಬಲಕ್ಕೆ ಹೊರಳುತ್ತದೆ. ಇದಕ್ಕೆ ಕಣ್ಣು ಮತ್ತು ಕೈ ಒಗ್ಗಿಕೊಳ್ಳಲು ವರ್ಷಗಳ ಅಭ್ಯಾಸ ಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2000ದಲ್ಲಿ ಅನುಮತಿ ನೀಡಿದ ಡಾ ವಿಂಚಿ ಯಂತ್ರ, ಮತ್ತು ಅದರ ಮಾದರಿಯಲ್ಲಿ ಬಂದ ಇತರ ಯಂತ್ರಗಳಲ್ಲಿ ಉಪಕರಣದ ತುದಿಗೇ ಮಣಿಕಟ್ಟಿನಂತಹ ಕೀಲುಗಳಿವೆ. ವೈದ್ಯರು ಕೋಣೆಯ ಒಂದು ಬದಿಯ ಕನ್ಸೋಲಿನಲ್ಲಿ, ಅಂದರೆ ನಿಯಂತ್ರಣ ಪೀಠದಲ್ಲಿ ಕುಳಿತು, ಆಳ ತೋರುವ ಮೂರು ಆಯಾಮದ ದೊಡ್ಡದಾದ ಚಿತ್ರವನ್ನು ನೋಡುತ್ತಾ ಬೆರಳುಗಳನ್ನು ಆಡಿಸಿದರೆ, ಕೈಯ ನಡುಕವನ್ನು ಸೋಸಿ, ಚಲನೆಯನ್ನು ಕುಗ್ಗಿಸಿ ಯಂತ್ರ ಅದನ್ನು ತುದಿಗೆ ತಲುಪಿಸುತ್ತದೆ. ಸ್ವಂತ ತೀರ್ಮಾನದಿಂದ ಅದು ಏನನ್ನೂ ಕತ್ತರಿಸುವುದಿಲ್ಲ. ಅದು ಕಳೆಯುವುದೂ ಇದೆ: ಬಹುಪಾಲು ಯಂತ್ರಗಳಲ್ಲಿ ಅಂಗಾಂಶ ಎಷ್ಟು ಗಟ್ಟಿ, ದಾರ ಎಷ್ಟು ಬಿಗಿ ಎಂಬ ಸ್ಪರ್ಶಜ್ಞಾನ ವೈದ್ಯರ ಬೆರಳಿಗೆ ಮರಳಿ ಬರುವುದಿಲ್ಲ, ಬಲದ ಅರಿವನ್ನು ಮರಳಿಸುವ ಡಾ ವಿಂಚಿ 5 ಮಾದರಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2024ರಲ್ಲಿ.

ಜಿಜ್ಞಾಸು: ಇಷ್ಟೆಲ್ಲ ಅನುಕೂಲಗಳಿದ್ದ ಮೇಲೆ ರೋಗಿಗೆ ನೋವು ಕಡಿಮೆ, ಗಾಯ ಚಿಕ್ಕದು, ಚೇತರಿಕೆ ಬೇಗ ಎಂಬ ಜಾಹೀರಾತಿನ ಮಾತನ್ನು ಒಪ್ಪಬಾರದೇಕೆ?

ವೈದ್ಯ: ಆ ಮಾತು ಪಕ್ಕೆ ಸೀಳುವ ಹಳೆಯ ವಿಧಾನಕ್ಕೆ ಹೋಲಿಸಿದರೆ ಸತ್ಯ, ಲ್ಯಾಪರೋಸ್ಕೋಪಿಗೆ ಹೋಲಿಸಿದರೆ ಅಷ್ಟಾಗಿ ನಿಲ್ಲುವುದಿಲ್ಲ, ಜಾಹೀರಾತುಗಳಲ್ಲಿ ಈ ಎರಡು ಹೋಲಿಕೆಗಳು ಕಲಸಿಹೋಗಿರುತ್ತವೆ. ಲ್ಯಾಪರೋಸ್ಕೋಪಿಗೆ 5ರಿಂದ 12 ಮಿಲಿಮೀಟರ್ ಅಗಲದ ಮೂರು ನಾಲ್ಕು ರಂಧ್ರಗಳು ಸಾಕಾದರೆ, ರೋಬಾಟಿಗೆ ಅದರ ತೋಳುಗಳಿಗಾಗಿ 8 ಮಿಲಿಮೀಟರಿನ ಮೂರು ನಾಲ್ಕು ರಂಧ್ರಗಳೂ ಪಕ್ಕದಲ್ಲಿ ನಿಂತ ಸಹಾಯಕ ವೈದ್ಯರಿಗಾಗಿ ಇನ್ನೊಂದೆರಡೂ ಬೇಕಾಗುತ್ತವೆ. ಇಡೀ ಪಿಂಡವನ್ನು ಹೊರತೆಗೆಯುವ ಗಾಯವೇ ಎಲ್ಲಕ್ಕಿಂತ ದೊಡ್ಡದು, ಅದು ಎರಡರಲ್ಲೂ ಒಂದೇ. ಅನಿಲದಿಂದ ವಪೆ ಕೆರಳಿ ಎರಡು ದಿನ ಭುಜದ ತುದಿಯಲ್ಲಿ ಕಾಣಿಸಿಕೊಳ್ಳುವ ನೋವೂ ಎರಡಕ್ಕೂ ಸಮಾನ.

ಜಿಜ್ಞಾಸು: ಇದು ತರ್ಕವಾಯಿತು, ಅಂಕಿಅಂಶಗಳು ಏನು ಹೇಳುತ್ತವೆ?

ವೈದ್ಯ: ಅಮೆರಿಕದ 416 ಆಸ್ಪತ್ರೆಗಳಲ್ಲಿ 2003ರಿಂದ 2015ರವರೆಗೆ ರ್‍ಯಾಡಿಕಲ್ ನೆಫ್ರೆಕ್ಟಮಿಗೆ ಒಳಗಾದ 23,753 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆ ಜಾಮಾದಲ್ಲಿ 2017ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ರೋಬಾಟಿನ ಬಳಕೆ ಶೇ. 1.5ರಿಂದ ಶೇ. 27ಕ್ಕೆ ಏರಿತ್ತು, ಆದರೆ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಲ್ಲಿ ರೋಬಾಟ್ ಮತ್ತು ಲ್ಯಾಪರೋಸ್ಕೋಪಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ನಾಲ್ಕು ಗಂಟೆಗೂ ಹೆಚ್ಚು ಹಿಡಿದ ಪ್ರಕರಣಗಳು ರೋಬಾಟಿನಲ್ಲಿ ಶೇ. 46.3, ಲ್ಯಾಪರೋಸ್ಕೋಪಿಯಲ್ಲಿ ಶೇ. 25.8, ಮೊದಲ 90 ದಿನಗಳ ಆಸ್ಪತ್ರೆಯ ನೇರ ವೆಚ್ಚ ರೋಬಾಟಿನಲ್ಲಿ ಸರಾಸರಿ 2,678 ಡಾಲರ್ ಹೆಚ್ಚು. ವೆಚ್ಚ ಏರಿದ್ದು ಮುಖ್ಯವಾಗಿ ಶಸ್ತ್ರಕೋಣೆಯ ಸಮಯ ಮತ್ತು ಸಾಮಗ್ರಿಗಳಿಂದ.

ಜಿಜ್ಞಾಸು: ದಾಖಲೆ ನೋಡಿ ಮಾಡಿದ ಇಂತಹ ಅಧ್ಯಯನದಲ್ಲಿ ಕಠಿಣ ಪ್ರಕರಣಗಳನ್ನು ವೈದ್ಯರು ಬೇಕೆಂದೇ ರೋಬಾಟಿಗೆ ಒಪ್ಪಿಸಿರಬಹುದು, ಮೇಲಾಗಿ ಆ ವರ್ಷಗಳಲ್ಲಿ ಹಲವರು ಇನ್ನೂ ಯಂತ್ರವನ್ನು ಕಲಿಯುತ್ತಿದ್ದರು. ಹಾಗಿರುವಾಗ ಯಂತ್ರವನ್ನೇ ದೂರುವುದು ಎಷ್ಟು ಸರಿ?

ವೈದ್ಯ: ಆಕ್ಷೇಪ ನ್ಯಾಯವಾದದ್ದು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಿಗೆ ಹಂಚಿ ನಡೆಸುವ ಪ್ರಯೋಗದಷ್ಟು ಗಟ್ಟಿ ಸಾಕ್ಷ್ಯ ಇದಲ್ಲ. ಲೆಕ್ಕಶಾಸ್ತ್ರದ ಹೊಂದಾಣಿಕೆಗಳಿಂದ ಎಲ್ಲ ವ್ಯತ್ಯಾಸಗಳನ್ನೂ ತೊಡೆದುಹಾಕಲಾಗುವುದಿಲ್ಲ. ಕೈಪಳಗಿದ ತಂಡಗಳಲ್ಲಿ ರೋಬಾಟಿನ ಅವಧಿ ಇಳಿದಿರುವುದೂ ನಿಜ. ಆದರೂ ಫಲಿತಾಂಶಕ್ಕೆ ಅರ್ಥವಾಗುವಂತಹ ಕಾರಣವೊಂದಿದೆ. ಇಡೀ ಪಿಂಡವನ್ನು ತೆಗೆಯುವಾಗ ಬಿಡಿಸುವುದು, ಮುಚ್ಚುವುದು, ಕತ್ತರಿಸುವುದು ಇವಿಷ್ಟೇ ಕೆಲಸ. ಒಳಗೆ ಹೊಲಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಕೀಲುಳ್ಳ ತುದಿ ನಿಜವಾಗಿ ಬೆಲೆಬಾಳುವುದು ಸೂಜಿ ಹಿಡಿದಾಗ.

ಜಿಜ್ಞಾಸು: ಅಂದರೆ ಭಾಗಶಃ ನೆಫ್ರೆಕ್ಟಮಿಯಲ್ಲಿ ತಕ್ಕಡಿ ಬೇರೆ ಕಡೆಗೆ ವಾಲುತ್ತದೆಯೇ?

ವೈದ್ಯ: ಹೌದು. ನಾಲ್ಕು ಸೆಂಟಿಮೀಟರಿನೊಳಗಿನ ಗಡ್ಡೆಗೆ, ಸಾಧ್ಯವಿದ್ದಲ್ಲಿ ಏಳು ಸೆಂಟಿಮೀಟರಿನವರೆಗಿನದಕ್ಕೂ, ಪಿಂಡವನ್ನು ಉಳಿಸುವ ಶಸ್ತ್ರಚಿಕಿತ್ಸೆಗೇ ಇಂದಿನ ಮಾರ್ಗಸೂಚಿಗಳು ಆದ್ಯತೆ ಕೊಡುತ್ತವೆ. ಇದರಲ್ಲಿ ಅಪಧಮನಿಯನ್ನು ತಾತ್ಕಾಲಿಕವಾಗಿ ಕ್ಲ್ಯಾಂಪಿನಿಂದ ಬಿಗಿದು, ರಕ್ತ ನಿಂತ ಆ ಅವಧಿಯೊಳಗೆ ಗಡ್ಡೆಯನ್ನು ಆರೋಗ್ಯವಂತ ಅಂಗಾಂಶದ ತೆಳು ಅಂಚಿನ ಸಮೇತ ಕತ್ತರಿಸಬೇಕು, ಕುಳಿಯ ತಳದಲ್ಲಿ ತೆರೆದ ರಕ್ತನಾಳಗಳನ್ನೂ ಮೂತ್ರ ಸೋರುವ ಬಾಯಿಯನ್ನೂ ಹೊಲಿಯಬೇಕು, ಆಮೇಲೆ ಹೊರಪದರದ ಎರಡು ತುಟಿಗಳನ್ನು ಕೂಡಿಸಿ ಮತ್ತೆ ಹೊಲಿಯಬೇಕು. ದೇಹದ ಬಿಸಿಯಲ್ಲೇ ಇದ್ದು ರಕ್ತವಿಲ್ಲದೆ ಕಳೆಯುವ ಈ ಅವಧಿಯನ್ನು ಸುಮಾರು 25 ನಿಮಿಷದೊಳಗೆ ಮುಗಿಸುವುದು ವೈದ್ಯರ ಗುರಿ. ಅದು ಉದ್ದವಾದಷ್ಟೂ ಉಳಿಸಿದ ಪಿಂಡಕ್ಕೇ ಪೆಟ್ಟು. ನೇರ ದಂಡದ ತುದಿಯಲ್ಲಿ ಬಾಗಿದ ಸೂಜಿಯನ್ನು ಬೇಕಾದ ಕೋನಕ್ಕೆ ತಿರುಗಿಸುವುದು ಕೆಲವೇ ನಿಪುಣರಿಗೆ ಸಾಧ್ಯವಾಗಿದ್ದ ವಿದ್ಯೆ. ರೋಬಾಟ್ ಅದನ್ನು ಹೆಚ್ಚು ಜನರ ಕೈಗೆಟುಕುವಂತೆ ಮಾಡಿತು. ರಕ್ತಕ್ಕೆ ಚುಚ್ಚಿದ ಬಣ್ಣದ್ರವ್ಯವೊಂದು ಅವಕೆಂಪು ಬೆಳಕಿನಲ್ಲಿ ಹಸಿರಾಗಿ ಹೊಳೆಯುವುದನ್ನು ನೋಡಿ ಯಾವ ಭಾಗಕ್ಕೆ ರಕ್ತ ಹರಿಯುತ್ತಿದೆ, ಯಾವುದಕ್ಕೆ ನಿಂತಿದೆ ಎಂದು ತಿಳಿಯುವ ಸೌಲಭ್ಯವನ್ನೂ ಈ ಯಂತ್ರಗಳಲ್ಲಿ ಅಳವಡಿಸಲಾಗಿದೆ. ಲ್ಯಾಪರೋಸ್ಕೋಪಿಯಲ್ಲಿ ಇಡಿಯಾಗಿ ತೆಗೆದುಹಾಕಬೇಕಾಗಿ ಬರುತ್ತಿದ್ದ ಪಿಂಡವೊಂದು ರೋಬಾಟಿನಿಂದ ಉಳಿಯುವುದಾದರೆ ಅದು ರೋಗಿಗೆ ಜೀವನಪರ್ಯಂತದ ಲಾಭ. ಮಧುಮೇಹ ಅಥವಾ ರಕ್ತದೊತ್ತಡ ಇರುವವರಲ್ಲಿ, ಒಂದೇ ಪಿಂಡ ಇರುವವರಲ್ಲಿ ಇದರ ಬೆಲೆ ಮತ್ತಷ್ಟು ಹೆಚ್ಚು.

ಜಿಜ್ಞಾಸು: ದಾನಿಗಳ ವಿಷಯ ಇನ್ನೂ ಸೂಕ್ಷ್ಮವಲ್ಲವೇ? ಅವರು ರೋಗಿಗಳೇ ಅಲ್ಲ.

ವೈದ್ಯ: ಅದಕ್ಕಾಗಿಯೇ ಅಲ್ಲಿ ಸುರಕ್ಷತೆ ಮೊದಲು, ಉಳಿದದ್ದು ಆಮೇಲೆ. ಲ್ಯಾಪರೋಸ್ಕೋಪಿಯಿಂದ ದಾನಿಯ ಪಿಂಡವನ್ನು ಮೊದಲು ತೆಗೆದದ್ದು 1995ರಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಲಾಯ್ಡ್ ರ್‍ಯಾಟ್ನರ್ ಮತ್ತು ಲೂಯಿಸ್ ಕವೂಸಿ. ಪಕ್ಕೆಯ ಉದ್ದ ಗಾಯದ ಭಯ ತಪ್ಪಿದ್ದರಿಂದ ದಾನಕ್ಕೆ ಮುಂದಾಗುವವರಿಗೆ ಧೈರ್ಯ ಬಂತು. ಜೀವಂತ ದಾನಿಗಳನ್ನೇ ಬಹುಮಟ್ಟಿಗೆ ನೆಚ್ಚಿರುವ ಭಾರತದ ಕಸಿ ವ್ಯವಸ್ಥೆಗೆ ಇದರ ಉಪಕಾರ ದೊಡ್ಡದು. ಗುಜರಾತಿನ ನಡಿಯಾದ್‌ನ ಮೂತ್ರಾಂಗ ಆಸ್ಪತ್ರೆಯಲ್ಲಿ 45 ದಾನಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗದ ವರದಿ 2015ರಲ್ಲಿ ಬಂದಿದ್ದು, ಅದರಲ್ಲಿ ರೋಬಾಟ್ ಗುಂಪಿನವರಿಗೆ ನೋವು ಕಡಿಮೆಯಿದ್ದರೂ ಪಿಂಡವನ್ನು ಹೊರತಂದು ತಣಿಸುವವರೆಗಿನ ರಕ್ತರಹಿತ ಅವಧಿ ತುಸು ಹೆಚ್ಚಿತ್ತು. ಸಂಖ್ಯೆ ಚಿಕ್ಕದಾದ್ದರಿಂದ ಅದೊಂದನ್ನೇ ನೆಚ್ಚಿ ತೀರ್ಪು ಕೊಡಲಾಗದು.

ಜಿಜ್ಞಾಸು: ದಾನಿಯ ಪ್ರಾಣಕ್ಕೆ ಅಪಾಯ ಎಷ್ಟು?

ವೈದ್ಯ: ಅಮೆರಿಕದ ಎಂಬತ್ತು ಸಾವಿರಕ್ಕೂ ಹೆಚ್ಚು ದಾನಿಗಳ ದಾಖಲೆಯ ಪ್ರಕಾರ ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ಸಾವು ಹತ್ತು ಸಾವಿರಕ್ಕೆ ಸುಮಾರು ಮೂರು. ಇಷ್ಟು ಕಡಿಮೆಯಿರುವ ಅಪಾಯವೂ ಹೇಗೆ ಒಂದು ಚಿಕ್ಕ ವಸ್ತುವಿನಿಂದ ಬರಬಹುದೆಂಬುದಕ್ಕೆ ಉದಾಹರಣೆಯಿದೆ. ದಾನಿಯಲ್ಲಿ ಕಸಿಗೆ ಬೇಕಾದಷ್ಟು ಉದ್ದದ ರಕ್ತನಾಳವನ್ನು ಪಿಂಡದ ಜೊತೆಗೇ ಬಿಡಬೇಕಾದ್ದರಿಂದ ಮಹಾಪಧಮನಿಯ ಕಡೆ ಉಳಿಯುವ ಮೋಟು ತೀರ ಗಿಡ್ಡ. ಅದಕ್ಕೆ ಹಾಕಿದ ಪ್ಲಾಸ್ಟಿಕ್ ಕ್ಲಿಪ್ ಜಾರಿ ದಾನಿಗಳು ಸತ್ತ ಪ್ರಕರಣಗಳು ಬೆಳಕಿಗೆ ಬಂದ ಮೇಲೆ, ಬೀಗದಂತೆ ಕಚ್ಚಿಕೊಳ್ಳುವ ಆ ಬಗೆಯ ಕ್ಲಿಪ್ಪನ್ನು ಲ್ಯಾಪರೋಸ್ಕೋಪಿಯ ದಾನಿ ನೆಫ್ರೆಕ್ಟಮಿಯಲ್ಲಿ ಅಪಧಮನಿಗೆ ಬಳಸಕೂಡದೆಂದು ಎಚ್ಚರಿಕೆ ಹೊರಟಿತು. ಅಂಗಾಂಶವನ್ನು ತೂರಿ ಕಚ್ಚುವ ಸ್ಟೇಪ್ಲರ್ ಅಲ್ಲಿ ಹೆಚ್ಚು ಸುರಕ್ಷಿತ. ಉಪಕರಣವನ್ನು ಹಿಡಿದದ್ದು ಕೈಯೋ ಯಂತ್ರದ ತೋಳೋ ಎಂಬುದಕ್ಕಿಂತ ಮೋಟನ್ನು ಯಾವುದರಿಂದ ಭದ್ರಪಡಿಸಲಾಯಿತು ಎಂಬುದೇ ಇಲ್ಲಿ ದಾನಿಯ ಪ್ರಾಣವನ್ನು ಕಾಯುತ್ತದೆ.

ಜಿಜ್ಞಾಸು: ನಡುವೆ ಹಠಾತ್ತನೆ ರಕ್ತ ಚಿಮ್ಮಿದರೆ, ದೂರ ಕುಳಿತ ವೈದ್ಯರಿಂದ ತೊಂದರೆಯಾಗುವುದಿಲ್ಲವೇ?

ವೈದ್ಯ: ಕನ್ಸೋಲಿನಲ್ಲಿ ಕುಳಿತವರು ಕ್ರಿಮಿಶುದ್ಧ ಗೌನು, ಕೈಗವಸು ತೊಟ್ಟಿರುವುದಿಲ್ಲ, ಹೊಟ್ಟೆಯನ್ನು ತೆರೆಯಲೇಬೇಕಾದ ಗಳಿಗೆಯಲ್ಲಿ ಅವರು ಕೈ ತೊಳೆದು ಸಿದ್ಧರಾಗುವವರೆಗೆ, ತೋಳುಗಳನ್ನು ಕಳಚಿ ಯಂತ್ರವನ್ನು ಹಿಂದೆ ಸರಿಸುವವರೆಗೆ ರಕ್ತವನ್ನು ಒತ್ತಿ ಹಿಡಿಯುವ ಹೊಣೆ ಮೇಜಿನ ಪಕ್ಕದ ಸಹಾಯಕರದು. ಲ್ಯಾಪರೋಸ್ಕೋಪಿಯಲ್ಲಿ ಮುಖ್ಯ ವೈದ್ಯರು ರೋಗಿಯ ಪಕ್ಕದಲ್ಲೇ ನಿಂತಿರುತ್ತಾರೆ. ಇನ್ನೊಂದು ಮಗ್ಗುಲೂ ಇದೆ: ಸಣ್ಣ ಸೀಳಾದರೆ ರೋಬಾಟಿನ ಮೂಲಕವೇ ಹೊಲಿದು ಹೊಟ್ಟೆ ತೆರೆಯುವುದನ್ನು ತಪ್ಪಿಸುವುದು ಸುಲಭ. ಆದ್ದರಿಂದ ರೋಬಾಟಿಕ್ ಚಿಕಿತ್ಸೆಯಲ್ಲಿ ಮೇಜಿನ ಪಕ್ಕ ನಿಲ್ಲುವವರ ಅನುಭವವನ್ನೂ ವಿಚಾರಿಸುವುದು ಜಾಣತನ. ಹಳೆಯ ಸೋಂಕಿನಿಂದ ಕರುಳಿಗೂ ದೊಡ್ಡ ರಕ್ತನಾಳಗಳಿಗೂ ಅಂಟಿಕೊಂಡ ಪಿಂಡವಾದರೆ, ಎರಡೂ ಬೇಡವೆಂದು ಮೊದಲೇ ಪಕ್ಕೆ ತೆರೆಯುವ ವೈದ್ಯರ ನಿರ್ಧಾರವೂ ಸರಿಯಾದದ್ದೇ.

ಜಿಜ್ಞಾಸು: ಯಂತ್ರದಿಂದ ವೈದ್ಯರಿಗಾದರೂ ಸುಖವಿದೆಯೇ?

ವೈದ್ಯ: ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಗಂಟೆಗಟ್ಟಲೆ ಮೈ ತಿರುಚಿಕೊಂಡು ನಿಲ್ಲುವ ಲ್ಯಾಪರೋಸ್ಕೋಪಿ ವೈದ್ಯರಿಗೆ ಕುತ್ತಿಗೆ, ಭುಜ, ಬೆನ್ನಿನ ನೋವು ತಪ್ಪಿದ್ದಲ್ಲ. ರೋಬಾಟಿನಲ್ಲಿ ಕುಳಿತು ಮಾಡಬಹುದು. ಕಿರಿಯರು ಅಣಕು ಯಂತ್ರದ ಮೇಲೆ ಅಭ್ಯಾಸ ಮಾಡಿ ಹೊಲಿಗೆಯನ್ನು ಬೇಗ ಕಲಿಯುತ್ತಾರೆ. ಆದರೆ ವೈದ್ಯರ ಈ ಅನುಕೂಲದ ಬೆಲೆಯನ್ನು ರೋಗಿಯಿಂದ ವಸೂಲು ಮಾಡುವಾಗ, ರೋಗಿಗೆ ಸಿಗುವ ಹೆಚ್ಚುವರಿ ಲಾಭ ಏನೆಂಬುದನ್ನು ಪ್ರಾಮಾಣಿಕವಾಗಿ ತಿಳಿಸುವುದು ಧರ್ಮ.

ಜಿಜ್ಞಾಸು: ಆ ಬೆಲೆ ಇಷ್ಟೇಕೆ? ವಿಮೆಯಿಂದ ಭರಿಸಬಹುದೇ?

ವೈದ್ಯ: ಯಂತ್ರದ ಬೆಲೆ ಹಲವು ಕೋಟಿ, ಅದರ ಮೇಲೆ ವಾರ್ಷಿಕ ನಿರ್ವಹಣೆ. ಉಪಕರಣಗಳನ್ನು ನಿಗದಿತ ಸಂಖ್ಯೆಯಷ್ಟು ಬಾರಿ ಬಳಸಿದ ಮೇಲೆ ಯಂತ್ರವೇ ಅವುಗಳನ್ನು ಸ್ವೀಕರಿಸುವುದಿಲ್ಲ. ಬಹುಕಾಲ ಆ ಮಿತಿ ಹೆಚ್ಚಿನವಕ್ಕೆ ಹತ್ತು ಬಳಕೆಯಷ್ಟೇ ಇತ್ತು. ಗುರುಗ್ರಾಮದಲ್ಲಿ ತಯಾರಾಗುವ ಮಂತ್ರ ಎಂಬ ಭಾರತೀಯ ಯಂತ್ರದಂತಹ ಪೈಪೋಟಿಯಿಂದ ಬೆಲೆ ಇಳಿಯುವ ನಿರೀಕ್ಷೆಯಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ರೋಬಾಟಿಕ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದೆಂದಿತು, ಆದರೆ ಅದಕ್ಕೆ ಪ್ರತ್ಯೇಕ ಮಿತಿ ಹಾಕಲು ಅವಕಾಶ ಕೊಟ್ಟಿತು. ಪಾಲಿಸಿ ಐದು ಲಕ್ಷದ್ದೆಂದು ನಂಬಿ ದಾಖಲಾದವರಿಗೆ ರೋಬಾಟಿನ ಮಿತಿ ಅದಕ್ಕಿಂತ ಬಹಳ ಕಡಿಮೆಯೆಂದು ಬಿಲ್ ಕಟ್ಟುವಾಗ ತಿಳಿಯುವ ಪ್ರಸಂಗ ಬರಬಾರದು. ಆ ಷರತ್ತನ್ನು ಮೊದಲೇ ಓದಿಕೊಳ್ಳಬೇಕು.

ಜಿಜ್ಞಾಸು: ಕೊನೆಯದಾಗಿ, ವೈದ್ಯರ ಮುಂದೆ ಕುಳಿತ ರೋಗಿ ಏನನ್ನು ಕೇಳಬೇಕು?

ವೈದ್ಯ: ಮೊದಲು ಕೇಳಬೇಕಾದದ್ದು, ಇಡೀ ಪಿಂಡವನ್ನು ತೆಗೆಯಲೇಬೇಕೇ, ಭಾಗವನ್ನಾದರೂ ಉಳಿಸಬಹುದೇ ಎಂದು. ಎರಡನೆಯದು, ಇದೇ ಶಸ್ತ್ರಚಿಕಿತ್ಸೆಯನ್ನು ಇದೇ ವಿಧಾನದಿಂದ ತಾವು ಎಷ್ಟು ಮಾಡಿದ್ದೀರಿ, ಅವುಗಳಲ್ಲಿ ಎಷ್ಟರಲ್ಲಿ ಹೊಟ್ಟೆ ತೆರೆಯಬೇಕಾಯಿತು ಎಂದು. ಮೂರನೆಯದು, ಎರಡು ವಿಧಾನಗಳ ಖರ್ಚಿನ ಅಂತರ ಎಷ್ಟು, ಅದಕ್ಕೆ ಪ್ರತಿಯಾಗಿ ಈ ರೋಗಿಗೆ ಏನು ಸಿಗುತ್ತದೆ ಎಂದು. ಉತ್ತರ ಕೊಡಲು ಹಿಂಜರಿಯುವ ಕಡೆ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪಿಲ್ಲ. ಕೈಪಳಗಿದ ಲ್ಯಾಪರೋಸ್ಕೋಪಿ ವೈದ್ಯರು ಸಿಗುವ ಊರಿನಲ್ಲಿ, ಇಡೀ ಪಿಂಡವನ್ನು ತೆಗೆಸುವುದಕ್ಕಾಗಿ ರೋಬಾಟೇ ಬೇಕೆಂದು ಸಾಲ ಮಾಡುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ. ಪಿಂಡದ ಭಾಗವನ್ನು ಉಳಿಸಲು ಸಾಧ್ಯವಿರುವ ಗಡ್ಡೆಯಾದರೆ ಮಾತ್ರ, ಕೈಲಾದವರು ಅನುಭವಿ ರೋಬಾಟಿಕ್ ತಂಡವನ್ನು ಹುಡುಕಿಕೊಂಡು ಹೋಗುವುದು ಸಾರ್ಥಕ.